ನಾಲ್ಕು ಗಂಟೆಗೆ ಎಲ್ಲಿರಬೇಕು: ನರ್ಮದೆಯ ದಕ್ಷಿಣ ತಟದಲ್ಲಿ ಚಳಿಗಾಲದ ಒಂದು ದಿನ

ನರ್ಮದಾ ಪರಿಕ್ರಮಕ್ಕೆ ಹೊರಟವರು ಸಿಕ್ಕಾಗ ಮೊದಲು ಕೇಳುವುದು, ದಿನಕ್ಕೆ ಎಷ್ಟು ಕಿಲೋಮೀಟರ್ ನಡೆಯುತ್ತಿದ್ದಿರಿ ಎಂದು. ಸಂಜೆ ನಾಲ್ಕಕ್ಕೆ ಎಲ್ಲಿರುತ್ತೀರಿ ಅನ್ನುವುದನ್ನು ಮೊದಲು ಯೋಚಿಸಿ ಅಂತ ನಾನು ಹೇಳುತ್ತೇನೆ. ಆ ನಾಲ್ಕು ಗಂಟೆಯಿಂದ ಹಿಂದಕ್ಕೆ ಎಣಿಸಿಕೊಂಡೇ ನನ್ನ ಇಡೀ ದಿನ ನಡೆಯುತ್ತಿತ್ತು. ಡಿಸೆಂಬರ್ ಕೊನೆಯಲ್ಲಿ ಮಧ್ಯಪ್ರದೇಶದ ನರಸಿಂಗಪುರ ಜಿಲ್ಲೆಯಲ್ಲಿ ನಡೆದ ಒಂದು ದಿನದ ಮಾತು ಹೇಳುತ್ತೇನೆ.

ಅಮರಕಂಟಕದಲ್ಲಿ ಹುಟ್ಟಿ 1,312 ಕಿ.ಮೀ. ಹರಿದು ಗುಜರಾತಿನ ಭರೂಚ್ ದಾಟಿ ಸಮುದ್ರ ಸೇರುವ ನದಿ ಇದು. ಪರಿಕ್ರಮವೆಂದರೆ ಅದನ್ನು ಸದಾ ಬಲಕ್ಕಿಟ್ಟುಕೊಂಡು ಎರಡೂ ದಂಡೆ ನಡೆಯಬೇಕು. ಉಪನದಿಗಳನ್ನು ದಾಟಬಹುದು, ನರ್ಮದೆಯನ್ನು ಮಾತ್ರ ದಾಟುವಂತಿಲ್ಲ. ಕೊನೆಗೆ ಸಮುದ್ರದ ಮುಖದಲ್ಲಿ ವಿಮಲೇಶ್ವರದಿಂದ ದೋಣಿಯಲ್ಲಿ ಆಚೆಯ ಮೀಠಿ ತಲಾಯಿಗೆ ಹೋಗಿ ದಂಡೆ ಬದಲಿಸುತ್ತಾರೆ. ಶಾಸ್ತ್ರದ ಪ್ರಕಾರ ಮೂರು ವರ್ಷ, ಮೂರು ತಿಂಗಳು, ಹದಿಮೂರು ದಿನ. ಈಗ ಹೆಚ್ಚಿನವರು ಒಂದೇ ಹಂಗಾಮಿನಲ್ಲಿ ಮುಗಿಸುತ್ತಾರೆ. ಚಾತುರ್ಮಾಸದಲ್ಲಿ ನಡೆಯುವಂತಿಲ್ಲವಾದ್ದರಿಂದ ಕಾರ್ತಿಕದ ಏಕಾದಶಿ ಕಳೆದ ಮೇಲೆಯೇ ಹೊರಡುವುದು. ಹಾಗಾಗಿ ಚಳಿ ಇದರ ಜೊತೆಗೇ ಬರುತ್ತದೆ. ನಾನು ಅಮರಕಂಟಕದಿಂದ ಹೊರಟು ದಕ್ಷಿಣ ತಟ ಹಿಡಿದು ಪಶ್ಚಿಮಕ್ಕೆ ಬಂದಿದ್ದೆ. ಮಂಡ್ಲಾದ ಆಚೆ ಜೊತೆಯಾದ ನಾಸಿಕ್ ಕಡೆಯ ದಂಪತಿಯನ್ನು ಕಾಕಾ, ಕಾಕು ಅನ್ನುತ್ತಿದ್ದೆ. ನಮ್ಮ ಗದಗ ಕಡೆಯೂ ಹಾಗೇ ಕರೆಯುವುದರಿಂದ ನಾಲಿಗೆಗೆ ಸಲೀಸಾಗಿತ್ತು.

ಬರಮಾನ್ ಘಾಟಿನ ಧರ್ಮಶಾಲೆಯಲ್ಲಿ ಆ ಬೆಳಗು ಆಯಿತು. ಸಂಕ್ರಾಂತಿಗೆ ದೊಡ್ಡ ಜಾತ್ರೆ ಸೇರುವ ಜಾಗ ಅದು, ಆಗಿನ್ನೂ ಖಾಲಿ ಇತ್ತು. ಏಳು ಗಂಟೆಗೆ ಹತ್ತಿರ ಸೂರ್ಯ ಹುಟ್ಟಿದರೂ ಮಂಜಿನಲ್ಲಿ ಆಚೆ ದಂಡೆ ಕಾಣುತ್ತಿರಲಿಲ್ಲ. ಆ ಹೊತ್ತಿಗೆ ಗಾಳಿಗಿಂತ ನದಿಯೇ ಬೆಚ್ಚಗಿರುತ್ತದೆ, ನೀರಿನಿಂದ ಹಬೆ ಏಳುತ್ತಿರುತ್ತದೆ. ಮುಳುಗುವುದು ಕಷ್ಟವಲ್ಲ, ಮೇಲೆ ಬಂದು ಮೈ ಒರೆಸಿಕೊಳ್ಳುವ ಎರಡು ನಿಮಿಷವೇ ಕಷ್ಟ. ಒಣ ಬಟ್ಟೆಯನ್ನು ಮಡಚಿಡದೆ, ತೊಡುವ ಕ್ರಮದಲ್ಲೇ ಮೆಟ್ಟಿಲ ಮೇಲೆ ಹರವಿಟ್ಟು ನೀರಿಗಿಳಿಯುತ್ತಿದ್ದೆ. ಸಾಬೂನು ಹಚ್ಚುವಂತಿಲ್ಲ. ಸ್ನಾನ, ಸೀಸೆಯಲ್ಲಿ ಹೊತ್ತು ತಂದ ನರ್ಮದಾ ಜಲಕ್ಕೆ ಪೂಜೆ, ಒಂದು ಆರತಿ. ಆಮೇಲೂ ನಾವು ಹೊರಡಲಿಲ್ಲ.

ಇದನ್ನು ಒತ್ತಿ ಹೇಳುತ್ತೇನೆ. ಚಳಿಗಾಲದಲ್ಲಿ ಮಂಜು ಕರಗುವ ಮುಂಚೆ ಹೊರಡಬೇಡಿ. ರಸ್ತೆಯಲ್ಲಿ ಹೋದರೆ ಲಾರಿಯವರಿಗೆ ನೀವು ಕಾಣುವುದಿಲ್ಲ. ದಂಡೆಯಲ್ಲಿ ಹೋದರೆ ಕೊರಕಲುಗಳು ನಿಮಗೆ ಕಾಣುವುದಿಲ್ಲ. ಈ ಭಾಗದಲ್ಲಿ ಮಳೆನೀರು ದಂಡೆಯ ಮಣ್ಣನ್ನು ಆಳಕ್ಕೆ ಸೀಳಿದೆ, ಅಂಚು ಎಲ್ಲಿ ಮುಗಿಯುತ್ತದೆ ಎಂದು ಹಗಲಲ್ಲೇ ನೋಡಿಕೊಂಡು ಇಡಬೇಕು ಹೆಜ್ಜೆ. ಮೂರನೆಯದು ಇಬ್ಬನಿ. ಮೊಣಕಾಲೆತ್ತರದ ಗೋಧಿಯ ಬದುವಿನಲ್ಲಿ ಸ್ವಲ್ಪ ದೂರ ನಡೆದರೂ ಕಾಲುಚೀಲ ತೊಯ್ದು ಹೋಗುತ್ತದೆ. ತೊಯ್ದ ಕಾಲುಚೀಲದಲ್ಲಿ ನಡೆದರೆ ಮಧ್ಯಾಹ್ನಕ್ಕೆ ನೀರುಗುಳ್ಳೆ. ಮಣ್ಣು ಎಂಥದ್ದೆಂದು ನನಗೆ ಹುಟ್ಟಿದಾಗಿನಿಂದ ಗೊತ್ತು: ನಮ್ಮ ಎರೆ ಹೊಲದ್ದೇ, ಒದ್ದೆಯಾದರೆ ಚಪ್ಪಲಿ ಬಿಡುವುದಿಲ್ಲ. ಕಡಲೆ, ಗೋಧಿ, ನಡುವೆ ತೊಗರಿ. ಭಾಷೆ ಬೇರೆ, ಹೊಲ ಮಾತ್ರ ಊರಿನದು.

ಎಂಟೂವರೆಗೆ ಹೊರಟೆವು. ನದಿ ಬಲಕ್ಕೆ, ದೂರದಲ್ಲಿ ಎಡಕ್ಕೆ ಸಾತ್ಪುಡಾ. ಮೊದಲ ಎರಡು ಗಂಟೆ ಮಾತಿಲ್ಲದೆ ನಡೆಯುವುದು ನಮ್ಮ ರೂಢಿ. ಕಾಕಾನಿಗೆ ಇತಿಹಾಸದ ಹುಚ್ಚು, ಆಮೇಲೆ ಅದೇ ಮಾತು. ಹರ್ಷನನ್ನು ಇಮ್ಮಡಿ ಪುಲಿಕೇಶಿ ತಡೆದು ನಿಲ್ಲಿಸಿದ್ದು ಇದೇ ನರ್ಮದೆಯ ಸೀಮೆಯಲ್ಲಿ, ಆ ಸೋಲನ್ನು ಹೇಳುವ 634ರ ಶಾಸನ ನಮ್ಮ ಐಹೊಳೆಯಲ್ಲಿದೆ ಎಂದೆ. ಕಾಕಾ ನಿಂತು ಆಚೆ ದಂಡೆಯನ್ನು ನೋಡಿ, "ಅಂದರೆ ಸಮುದ್ರದವರೆಗೂ ನಾವು ನಿಮ್ಮ ಕಡೆಯಲ್ಲೇ ನಡೆಯೋದು" ಎಂದರು. ನನಗೆ ನಿಜಕ್ಕೂ ಹೆಮ್ಮೆಯಾಯಿತು.

ಹನ್ನೊಂದರ ಸುಮಾರಿಗೆ ಬೆಲ್ಲದ ವಾಸನೆ. ಕರೇಲಿಯ ಬೆಲ್ಲಕ್ಕೆ ಆ ಕಡೆಯೆಲ್ಲ ಹೆಸರಿದೆ, ಡಿಸೆಂಬರಿನಲ್ಲಿ ಆಲೆಮನೆಗಳು ಹಗಲು ರಾತ್ರಿ ಉರಿಯುತ್ತವೆ. ದೂರದಿಂದಲೇ "ನರ್ಮದೇ ಹರ್!" ಎಂದು ಕೂಗಿದರು. "ಎಷ್ಟು ಮೂರ್ತಿ?" "ಮೂರು." ಪರಿಕ್ರಮದವರನ್ನು ಅಲ್ಲಿ ಎಷ್ಟು ಜನ ಎಂದು ಕೇಳುವುದಿಲ್ಲ, ಎಷ್ಟು ಮೂರ್ತಿ ಎಂದೇ ಕೇಳುತ್ತಾರೆ. ಕೊಪ್ಪರಿಗೆಯ ಪಕ್ಕದಲ್ಲಿ ಗೋಣಿಚೀಲ ಹಾಸಿ ಕೂರಿಸಿ, ಎಲೆಯ ಮೇಲೆ ಬಿಸಿ ಬೆಲ್ಲ ಕೊಟ್ಟರು, ನೂಲು ಬರುವಂಥದ್ದು. ಒಲೆಗೆ ಹಾಕುವ ಕಬ್ಬಿನ ಸಿಪ್ಪೆಯ ರಾಶಿಗೆ ಒರಗಿ, ಬೂಟು ಬಿಚ್ಚಿ, ಕಾಲುಚೀಲಗಳನ್ನು ಆ ಕಾವಿನಲ್ಲಿ ಒಣಗಿಸಿಕೊಂಡೆವು. ಮೂರು ಜೊತೆ ಕಾಲುಚೀಲ ಇರಲಿ: ಒಂದು ಕಾಲಲ್ಲಿ, ಒಂದು ಚೀಲಕ್ಕೆ ಕಟ್ಟಿ ಒಣಗಲು, ಒಂದು ರಾತ್ರಿಗೆ ಮಾತ್ರ.

ಮಧ್ಯಾಹ್ನದ ಊಟ ಒಂದು ಹೊಲದಲ್ಲಿ. ಕುಳ್ಳಿನ ಕೆಂಡದಲ್ಲಿ ಸುಟ್ಟ ಹಿಟ್ಟಿನ ಉಂಡೆ, ಅದಕ್ಕೆ ಗಕ್ಕಡ್ ಅನ್ನುತ್ತಾರೆ. ಜೊತೆಗೆ ಸುಟ್ಟ ಬದನೆಕಾಯಿಯ ಭರ್ತಾ. ರುಚಿ ಹೇಳಲಾರೆ, ಆದರೆ ಎರಡು ಉಂಡೆಗೆ ನಿಲ್ಲಿಸಬೇಕು. ಹೊಟ್ಟೆ ಭಾರವಾದರೆ ಮಧ್ಯಾಹ್ನದ ಆ ಒಳ್ಳೆಯ ಬಿಸಿಲು ನಿದ್ದೆಗೆ ಹೋಗುತ್ತದೆ. ನಡೆಯಲು ದಿನದಲ್ಲಿ ಸಿಗುವ ಅತ್ಯುತ್ತಮ ಹೊತ್ತು ಅದೇ, ಒಂದರಿಂದ ಮೂರೂವರೆ. ಒಂದೊಂದು ಹಳ್ಳಕ್ಕೂ ಇಳಿದು ಏರಬೇಕಾದ್ದರಿಂದ ನಕ್ಷೆಯ ದೂರ ಅಲ್ಲಿ ನಂಬುವಂತಿಲ್ಲ. ಕೋಲು ಬೇಕೇ ಬೇಕು, ಏರುವುದಕ್ಕಿಂತ ಇಳಿಯುವುದಕ್ಕೆ.

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಒಂದು ಸಣ್ಣ ಊರು. ಇನ್ನೂ ಐದು ಕಿಲೋಮೀಟರ್ ನಡೆಯುವ ಶಕ್ತಿ ಕಾಲಲ್ಲಿತ್ತು, ಆದರೂ ನಿಂತೆವು. ಸೂರ್ಯ ಮುಳುಗುವುದು ಐದೂವರೆ ಹೊತ್ತಿಗೆ. ಒಬ್ಬ ರೈತರು ತಮ್ಮ ಪಡಸಾಲೆಯಲ್ಲಿ ಆಸನ, ಅಂದರೆ ರಾತ್ರಿಯ ಹಾಸಿಗೆ, ಹಾಕಿಸಿದರು. ಮನೆಯವರಿಗೆ ಮೂವರ ಹಿಟ್ಟು ಹೆಚ್ಚು ಕಲಸಲು ಸಮಯವಿತ್ತು, ಕಾಕು ಒಳಗೆ ಹೋಗಿ ರೊಟ್ಟಿ ತಟ್ಟಿದರು. ಏಳಕ್ಕೆ ಎಲ್ಲರ ಊಟ ಮುಗಿದು ಒಲೆ ಆರಿತ್ತು.

ಎಂಟರ ಮೇಲೆ ಇನ್ನೂ ಐದು ಮೂರ್ತಿ ಬಂದರು. ಬೆಳಗಿನಿಂದ ಮೂವತ್ತೆಂಟು ಕಿಲೋಮೀಟರ್ ಆಯಿತು ಎಂದು ಸಂತೋಷದಿಂದ ಹೇಳಿಕೊಂಡರು. ಮನೆಯ ಯಜಮಾನರು ಒಂದು ಕ್ಷಣವೂ ಮುಖ ಬಾಡಿಸಲಿಲ್ಲ, ಬನ್ನಿ ಬನ್ನಿ ಎಂದರು. ಸೊಸೆ ಮಲಗಿದ್ದ ಕೂಸನ್ನು ಅತ್ತೆಯ ಪಕ್ಕಕ್ಕೆ ಸರಿಸಿ, ಶಾಲು ಬಿಗಿದು, ಅಂಗಳಕ್ಕೆ ಹೋಗಿ ಕಟ್ಟಿಗೆ ತಂದು ಮತ್ತೆ ಒಲೆ ಹಚ್ಚಿದಳು. ಆ ಸೀಮೆಯಲ್ಲಿ ಪರಿಕ್ರಮವಾಸಿಯನ್ನು ಹಸಿದು ಮಲಗಿಸುವ ಮನೆಯನ್ನು ನಾನು ಕಂಡಿಲ್ಲ. ಅವರು ಇಲ್ಲ ಎನ್ನುವುದಿಲ್ಲ, ಅದಕ್ಕೇ ನಾವು ಹೊತ್ತಿಗೆ ಮುಂಚೆ ಹೋಗಬೇಕು.

ರಾತ್ರಿ ಕಾಲಿನ ಕೆಲಸ. ಊರಿಂದ ಒಯ್ದ ಕೊಬ್ಬರಿ ಎಣ್ಣೆ ಆ ಚಳಿಯಲ್ಲಿ ಬಾಟಲಿಯಲ್ಲೇ ಗಟ್ಟಿಯಾಗಿರುತ್ತದೆ. ಅಲ್ಲಿಯವರು ಬೆಳ್ಳುಳ್ಳಿ ಹಾಕಿ ಕಾಸಿದ ಸಾಸಿವೆ ಎಣ್ಣೆ ಕೊಡುತ್ತಾರೆ, ಅದನ್ನೇ ಹಚ್ಚಿ. ಬೆರಳ ಸಂದು ಒಣಗಿಸಿ, ಕೆಂಪಾದ ಕಡೆ ಅವತ್ತೇ ಪ್ಲಾಸ್ಟರ್ ಅಂಟಿಸಿ. ಕಂಬಳಿಗಿಂತ ಕೆಳಗಿನ ಹಾಸು ಮುಖ್ಯ, ಚಳಿ ನೆಲದಿಂದ ಬರುತ್ತದೆ. ನಮಗೆ ಒಣಹುಲ್ಲು ಸಿಕ್ಕಿತ್ತು.

ಮಲಗುವ ಮುನ್ನ ಯಜಮಾನರ ಹತ್ತಿರ ಮುಂದಿನ ದಾರಿ ಕೇಳಿಕೊಂಡೆ. ಮುಂದೆ ಶಕ್ಕರ್ ನದಿ ಅಡ್ಡ ಬರುತ್ತದೆ. ಸಂಗಮದ ಹತ್ತಿರ ದೋಣಿಯವನು ಇದ್ದರೆ ಇದ್ದ, ಇಲ್ಲದಿದ್ದರೆ ಮೇಲಕ್ಕೆ ಸೇತುವೆಯವರೆಗೆ ಹೋಗಿ ಬರಬೇಕು, ಅರ್ಧ ದಿನ ಹಿಡಿಯುತ್ತದೆ ಎಂದರು. ದೋಣಿಗೆ ಕಾಯುವುದು ಬೇಡ, ಸೇತುವೆಯ ದಾರಿಯಲ್ಲೇ ಹೋಗೋಣ, ನಾಲ್ಕರೊಳಗೆ ಸಿಗುವ ಊರು ಯಾವುದು ಎಂದು ಕಾಕು ಕೇಳಿದರು. ಅವರು ಎರಡು ಊರಿನ ಹೆಸರು ಹೇಳಿದರು. ನಾನು ಹತ್ತಿರದ್ದನ್ನು ಬರೆದುಕೊಂಡೆ.