‘ವೊಕಾಂದಾ’: ಒಂದು ಪೋಲಿಷ್ ಕಾನೂನು ಪದದ ಲ್ಯಾಟಿನ್ ಬೇರನ್ನು ಹುಡುಕುವ ಬಗೆ

ಪೋಲೆಂಡಿನ ನ್ಯಾಯಾಲಯಗಳಲ್ಲಿ ವಿಚಾರಣಾ ಕೊಠಡಿಯ ಬಾಗಿಲ ಬಳಿ ಅಂದಿನ ಪ್ರಕರಣಗಳ ಸಂಖ್ಯೆ ಮತ್ತು ವೇಳೆಯನ್ನು ತೋರಿಸುವ ಪಟ್ಟಿಯೊಂದು ಇರುತ್ತದೆ. ನಮ್ಮಲ್ಲಿ ಕಾಸ್ ಲಿಸ್ಟ್ ಎನ್ನುವ ಇದನ್ನು ಅಲ್ಲಿ ‘ವೊಕಾಂದಾ’ ಎನ್ನುತ್ತಾರೆ.

ಇಂಥ ಪದದ ಮೂಲವನ್ನು ಅರಸುವವರು ಮೊದಲು ಅದರ ಪೋಲಿಷ್ ಕಾಗುಣಿತವನ್ನು ಕಳಚಬೇಕು. ಲ್ಯಾಟಿನ್ನಿನ ‘ವಿ’ ಅಕ್ಷರವು ಪೋಲಿಷ್‌ನಲ್ಲಿ ‘ಡಬ್ಲ್ಯು’ ಆಗುತ್ತದೆ, ಕಕಾರವಾಗಿ ಉಚ್ಚರಿಸುವ ‘ಸಿ’ಯು ‘ಕೆ’ ಆಗುತ್ತದೆ. ಇವೆರಡನ್ನು ಹಿಂದಿರುಗಿಸಿದರೆ ಕೈಗೆ ಸಿಗುವುದು ‘ಕರೆ’ ಎಂಬರ್ಥದ ‘ವೊಕಾರೆ’ ಧಾತುವಿನ ರೂಪ.

ಬಳಿಕ ಪ್ರತ್ಯಯವನ್ನು ನೋಡಬೇಕು. ಪದದ ಕೊನೆಯ ‘-ಅಂದಾ’ ಲ್ಯಾಟಿನ್ನಿನಲ್ಲಿ ವಿಧಿಯನ್ನು ಸೂಚಿಸುವ ನಪುಂಸಕ ಬಹುವಚನ. ಕನ್ನಡದ ‘ತಕ್ಕವು’ ಅದಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತದೆಂದರೆ ವ್ಯಾಕರಣದ ವಿವರಣೆಯೇ ಬೇಡವಾಗುತ್ತದೆ: ‘ಅಜೆಂಡಾ’ ಎಂದರೆ ಮಾಡತಕ್ಕವು, ‘ವೊಕಾಂದಾ’ ಎಂದರೆ ಕರೆಯತಕ್ಕವು. ಪೋಲಿಷರು ಈ ಬಹುವಚನವನ್ನು ಸ್ತ್ರೀಲಿಂಗದ ಏಕವಚನವಾಗಿಸಿಕೊಂಡು, ಪ್ರಕರಣವನ್ನು ಅಂದಿನ ಪಟ್ಟಿಯಿಂದ ಕೈಬಿಟ್ಟಾಗ ಅದನ್ನು ‘ವೊಕಾಂದಾದಿಂದ ಇಳಿಸಲಾಯಿತು’ ಎನ್ನುತ್ತಾರೆ.

ಕಿವಿಯನ್ನಷ್ಟೇ ನಂಬಿದರೆ ಮೋಸಹೋಗುತ್ತೇವೆ. ‘ವೊಕಾರೆ’ಗೂ ನಮ್ಮ ‘ವಕೀಲ’ನಿಗೂ ನಂಟಿದೆ ಎನ್ನಿಸುತ್ತದೆ, ಆದರೆ ವಕೀಲ ಪದ ಅರಬ್ಬಿಯಿಂದ ಪಾರಸಿಯ ಮೂಲಕ ಬಂದದ್ದು, ‘ವೊಕಾರೆ’ಗೆ ನಿಜವಾದ ನೆಂಟಸ್ತಿಕೆ ಇರುವುದು ಸಂಸ್ಕೃತದ ‘ವಾಕ್’ ಪದದೊಡನೆ.

ಕೊನೆಯದಾಗಿ ಪದ ನಡೆದುಬಂದ ದಾರಿಯನ್ನು ವಿಚಾರಿಸಬೇಕು; ನನ್ನ ಮಟ್ಟಿಗೆ ಇದೇ ಅತ್ಯಂತ ರಸವತ್ತಾದ ಹಂತ. 18ನೆಯ ಶತಮಾನದವರೆಗೂ ಪೋಲೆಂಡಿನ ನ್ಯಾಯಾಲಯಗಳ ದಾಖಲೆಗಳಲ್ಲಿ ಲ್ಯಾಟಿನ್ ಬಳಕೆ ವ್ಯಾಪಕವಾಗಿದ್ದುದರಿಂದ ಅನೇಕ ಪದಗಳು ನೇರವಾಗಿಯೇ ಒಳಬಂದವು. ‘ನೆರವಿಗೆ ಕರೆಸಿಕೊಂಡವನು’ ಎಂಬರ್ಥದ ‘ಅದ್ವೊಕಾತುಸ್’ ವಕೀಲನನ್ನು ಸೂಚಿಸುವ ‘ಅದ್ವೊಕಾತ್’ ಆಗಿ ಉಳಿದಿರುವುದು ಮೊದಲ ನೋಟಕ್ಕೇ ತಿಳಿಯುತ್ತದೆ. ಆದರೆ ಅದೇ ಲ್ಯಾಟಿನ್ ಪದ ಜರ್ಮನರ ಬಾಯಲ್ಲಿ ಸವೆದು ‘ಫೋಗ್ಟ್’ ಆಗಿ, 1257ರಲ್ಲಿ ಕ್ರಾಕೂಫ್ ನಗರ ಪಡೆದಂಥ ಜರ್ಮನಿಯ ಮಾಗ್ಡೆಬುರ್ಗ್ ನಗರದ ಮಾದರಿಯ ಪೌರಕಾನೂನಿನ ಕಾಲಕ್ಕೆ ಪೋಲೆಂಡಿನಲ್ಲಿ ಬೇರೂರಿ, ‘ವುಯ್ತ್’ ಎಂದಾಯಿತು. ಅಂದು ನಗರದ ನ್ಯಾಯಪೀಠದ ಮುಖ್ಯಸ್ಥನಾಗಿದ್ದ ವುಯ್ತ್, ಇಂದು ಗ್ರಾಮೀಣ ಸ್ಥಳೀಯಾಡಳಿತದ ಮುಖ್ಯಸ್ಥ. 2002ರಿಂದ ಅವನನ್ನು ಮತದಾರರೇ ನೇರವಾಗಿ ಆರಿಸುತ್ತಾರೆ.