ಕಾಲೇಜು ಆವರಣದ ಹಳೇ ಬಂಗಲೆಗೆ ವಯಸ್ಸು ಕಟ್ಟಿದ ಬಗೆ

ಮೈಸೂರಿನ ಕಾಲೇಜೊಂದರ ಆವರಣದಲ್ಲಿರುವ ಹಳೇ ಬಂಗಲೆಯ ಚರಿತ್ರೆ ಬರೆಯಲು ಹೊರಟಾಗ ನಾವು ಹಿಡಿದ ಕ್ರಮ ಒಂದೇ: ಮೊದಲು ಕಟ್ಟಡ, ಆಮೇಲೆ ಕಡತ. ಕಡತದಿಂದ ಶುರು ಮಾಡಿದರೆ ಅಲ್ಲಿ ಸಿಕ್ಕ ಇಸವಿಯನ್ನೇ ಗೋಡೆಯಲ್ಲೂ ಹುಡುಕುತ್ತೇವೆ, ಹುಡುಕಿದವರಿಗೆ ಅದು ಕಂಡೂ ಬಿಡುತ್ತದೆ.

ಪೋರ್ಟಿಕೋ, ದುಂಡು ಕಂಬ ಕಂಡರೆ ಸಾಕು, ಜನ 'ಬ್ರಿಟಿಷರ ಬಂಗಲೆ' ಅಂದುಬಿಡುತ್ತಾರೆ. ಮೈಸೂರಿನ ಮಟ್ಟಿಗೆ ಇದು ಅವಸರದ ಮಾತು. ಇಲ್ಲಿ ಬ್ರಿಟಿಷ್ ಕಮಿಷನರುಗಳ ಆಡಳಿತವಿದ್ದದ್ದು 1831ರಿಂದ 1881ರವರೆಗೆ. ಅರಸರಿಗೆ ರಾಜ್ಯ ಮರಳಿದ ಮೇಲೂ ಅದೇ ಮಾದರಿ ಮುಂದುವರಿಯಿತು. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಆವರಣದ ಜಯಲಕ್ಷ್ಮಿ ವಿಲಾಸ 1905ರಲ್ಲಿ ರಾಜಕುಮಾರಿಗೆಂದು ಕಟ್ಟಿಸಿದ್ದು. ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ 1950ರಲ್ಲಿ ಶುರುವಾದ ಚೆಲುವಾಂಬ ಮ್ಯಾನ್ಷನ್ನೂ ಅರಮನೆಯದೇ. ಹಾಗಾಗಿ ಕಂಬ ನೋಡಿ ಕಾಲ ಹೇಳುವುದನ್ನು ಕೈಬಿಟ್ಟೆವು.

ಅಳತೆಗೆ 30 ಮೀಟರ್ ಟೇಪು, ಮೂವರು ಸಾಕು. ಅಳೆದದ್ದು ಅಡಿ-ಅಂಗುಲದಲ್ಲಿ. ಕಟ್ಟಿದವರ ಲೆಕ್ಕ ಅದೇ, ಮೀಟರಿನಲ್ಲಿ ಹಿಡಿದರೆ ಒಂದೂವರೆ ಅಡಿಯ ಗೋಡೆ ಅರ್ಥವಿಲ್ಲದ ದಶಮಾಂಶವಾಗುತ್ತದೆ. ಪ್ರತಿ ಕೋಣೆಯ ನಾಲ್ಕು ಬದಿಯ ಜೊತೆಗೆ ಎರಡು ಕರ್ಣ ಕಡ್ಡಾಯ, ಇಲ್ಲದಿದ್ದರೆ ಮೂಲೆ ಸರಿಯಾಗಿದೆಯೋ ಸೊಟ್ಟಗಿದೆಯೋ ನಕ್ಷೆಯಲ್ಲಿ ತಿಳಿಯುವುದಿಲ್ಲ. ಗೋಡೆಯ ದಪ್ಪವನ್ನು ಬಾಗಿಲವಾಡದ ಹತ್ತಿರ ತೆಗೆದುಕೊಂಡೆವು. ಹೊರಗೋಡೆ 18 ಅಂಗುಲವಿದ್ದಲ್ಲಿ ನಡುವೆ ಒಂದು ಗೋಡೆ ಮಾತ್ರ ನಾಲ್ಕೂವರೆ ಅಂಗುಲ ಬಂದರೆ ಅನುಮಾನ ಬರಬೇಕು, ಬಹುಪಾಲು ಅದು ಹಜಾರವನ್ನು ಆಫೀಸು ಮಾಡಲು ಆಮೇಲೆ ಎಬ್ಬಿಸಿದ್ದು.

ಅನುಮಾನ ಪರಿಹಾರಕ್ಕೆ ಸುಣ್ಣದ ಪದರ ನೋಡಬೇಕು. ಬಾಗಿಲ ಹಿಂದೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ಚೂಪು ಬ್ಲೇಡಿನಿಂದ ಅರ್ಧರ್ಧ ಅಂಗುಲ ಅಗಲಕ್ಕೆ ಒಂದೊಂದೇ ಪದರ ಎಬ್ಬಿಸುತ್ತ ಮೆಟ್ಟಿಲು ಮಾಡುವುದು. ಮೇಲೆ ಡಿಸ್ಟೆಂಪರಿನ ಹಸಿರು, ಕೆಳಗೆ ಕಾವಿ, ಮತ್ತೆ ಬಿಳಿ, ನೀಲಿ ಬೆರೆಸಿದ ಸುಣ್ಣ, ಕೊನೆಗೆ ಗಾರೆ. ಹಳೇ ಗೋಡೆಯಲ್ಲಿ ಹತ್ತಾರು ಪದರ, ತೆಳು ಗೋಡೆಯಲ್ಲಿ ಎರಡೋ ಮೂರೋ. ಎರಡೂ ಗೋಡೆಯಲ್ಲಿ ಒಂದೇ ಬಣ್ಣ ಎಲ್ಲಿಂದ ಶುರುವಾಗುತ್ತದೋ, ಆ ಹೊತ್ತಿಗೆ ಹೊಸ ಗೋಡೆ ಎದ್ದಿತ್ತು. ಒಮ್ಮೆ ಕೆರೆದು ಹಾಕಿದ ಗೋಡೆಯಲ್ಲಿ ಈ ಲೆಕ್ಕ ಕೈಕೊಡುತ್ತದೆ. ಆದ್ದರಿಂದ ಕನಿಷ್ಠ ಮೂರು ಕಡೆ ನೋಡಬೇಕು.

ಎಲ್ಲರೂ ಮುಗ್ಗರಿಸುವುದು ಹೆಂಚಿನಲ್ಲಿ. ಮಂಗಳೂರು ಹೆಂಚಿನ ಕೆಳಮೈಯಲ್ಲಿ ಕಾರ್ಖಾನೆಯ ಮುದ್ರೆ ಇರುತ್ತದೆ, ಮುಚ್ಚಿಗೆ (ಒಳಚಾವಣಿ) ಇಲ್ಲದ ಕಡೆ ಟಾರ್ಚು ಬಿಟ್ಟರೆ ಹೆಂಚು ಇಳಿಸದೆಯೇ ಓದಬಹುದು. ಸ್ವಿಟ್ಜರ್ಲೆಂಡಿನ ಪಾದ್ರಿಗಳ ಸಂಸ್ಥೆ ಬಾಸೆಲ್ ಮಿಷನ್ ಹೆಂಚಿನ ಮೇಲೆ 1865 ಅಂತ ಕಂಡ ಕೂಡಲೇ ಮನೆಗೆ ಆ ವಯಸ್ಸು ಕೊಡಬಾರದು. ಅದು ಮಂಗಳೂರಿನ ಜೆಪ್ಪುವಿನಲ್ಲಿ ಅವರ ಮೊದಲ ಕಾರ್ಖಾನೆ ಶುರುವಾದ ವರ್ಷ. ಎಷ್ಟೋ ಕಾಲದ ಮೇಲೆ ಸುಟ್ಟ ಹೆಂಚಿನಲ್ಲೂ ಅದೇ ಅಂಕಿ ಒತ್ತಿದ್ದಾರೆ. ಮೊದಲ ಮಹಾಯುದ್ಧದ ನಂತರ ಆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಕೈಸೇರಿದವು, ಆ ಹೆಸರಿನ ಹೆಂಚು ಅದಕ್ಕಿಂತ ಹಿಂದಿನದಲ್ಲ. ನಾವು ಸಾಲುಸಾಲಾಗಿ ಮುದ್ರೆ ಎಣಿಸಿ ನಕ್ಷೆಯ ಮೇಲೆ ಗುರುತು ಹಾಕಿದೆವು. ಚಾವಣಿಯ ಎರಡು ಇಳಿಜಾರು ಕೂಡಿ ಮಳೆನೀರು ಸೇರುವ ಕಣಿವೆಯ ಅಕ್ಕಪಕ್ಕ ಬೇರೆ ಬೇರೆ ಕಂಪನಿಯ ಹೆಂಚು ಬೆರೆತಿದ್ದವು, ರಿಪೇರಿ ಹೆಚ್ಚು ನಡೆಯುವುದೇ ಅಲ್ಲಿ. ನಡುವಿನ ಇಳಿಜಾರಿನ ಸಾಲು ಹೆಚ್ಚು ನಂಬಿಕೆಗೆ ಅರ್ಹ. ಆದರೂ ಹೆಂಚು ಹೇಳುವುದು ಚಾವಣಿಯ ವಯಸ್ಸು, ಗೋಡೆಯದಲ್ಲ.

ಪಕ್ಕದ ಮದ್ರಾಸ್ ತಾರಸಿಯಲ್ಲಿ ತೇಗದ ಜಂತೆಗಳ ಮೇಲೆ ತೆಳು ಇಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಿ, ಮೇಲೆ ಇಟ್ಟಿಗೆ ಚೂರು-ಸುಣ್ಣದ ಕಾಂಕ್ರೀಟು ಬಡಿದಿದ್ದಾರೆ. ಇಲ್ಲಿ ಸೋರಿಕೆಗೆ ಸಿಮೆಂಟ್ ಬಳಿದದ್ದೇ ದೊಡ್ಡ ತಪ್ಪು. ಸುಣ್ಣ ಹೀರಿದ ನೀರಿಗೆ ಆರಿಹೋಗಲು ದಾರಿಯಿಲ್ಲದೆ ಜಂತೆಯ ತುದಿ ಗೋಡೆಯೊಳಗೇ ಕೊಳೆಯುತ್ತದೆ.

ವೈರಿಂಗಿಗೂ ಬೆಲೆಯಿದೆ. ಮೈಸೂರು ನಗರಕ್ಕೆ ವಿದ್ಯುತ್ ಬಂದದ್ದು 1908ರಲ್ಲಿ. ಮರದ ಪಟ್ಟಿಯ ವೈರಿಂಗನ್ನು ಮುಗಿದ ಗಾರೆಯ ಮೇಲೆ ಮೊಳೆ ಹೊಡೆದು ಕೂರಿಸಿದ್ದರೆ ಮನೆ ವೈರಿಂಗಿಗಿಂತ ಹಳೆಯದು ಅಂತಷ್ಟೇ ಅರ್ಥ. 1908ಕ್ಕಿಂತ ಹಳೆಯದು ಅಂತಲ್ಲ.

ಶಿಲಾಫಲಕದಲ್ಲಿ ಬರೀ ಸಂವತ್ಸರವಿದ್ದರೆ ಎಚ್ಚರ. 'ಪರಾಭವ' 1846-47ಕ್ಕೂ ಬರುತ್ತದೆ, 1906-07ಕ್ಕೂ. ಜೊತೆಗೆ ಶಕವರ್ಷ 1828 ಇದ್ದರೆ ಎರಡನೆಯದು. ಯುಗಾದಿಗೆ ಮುಂಚಿನ ಮಾಘ, ಫಾಲ್ಗುಣವಾದರೆ 1907.

ಇಷ್ಟಾದ ಮೇಲೆ ಕಡತಕ್ಕೆ ಹೋದೆವು. ಪತ್ರಾಗಾರದಲ್ಲಿ ಮನೆಯ ಈಗಿನ ಹೆಸರು ಕೇಳಿದರೆ ಏನೂ ಸಿಗುವುದಿಲ್ಲ. ಮರಾಮತ್ತು (ಈಗಿನ ಲೋಕೋಪಯೋಗಿ), ಶಿಕ್ಷಣ, ಅರಮನೆ, ಮೂರೂ ಇಲಾಖೆಯ ಪಟ್ಟಿಯಲ್ಲಿ ಅಲ್ಲಿ ವಾಸವಿದ್ದ ಅಧಿಕಾರಿಯ ಹುದ್ದೆ ಹಿಡಿದು ಹುಡುಕಬೇಕು. ಸಂಸ್ಥಾನದ ಲೆಕ್ಕದ ವರ್ಷ ಜುಲೈಯಿಂದ ಜೂನ್. 1909-10ರ ಖರ್ಚನ್ನು ಏಪ್ರಿಲ್‌ನಿಂದ ಎಣಿಸಿದರೆ ಮೂರು ತಿಂಗಳು ತಪ್ಪುತ್ತದೆ. ಮಂಜೂರಾತಿಯೇ ಕಟ್ಟಿದ್ದಕ್ಕೆ ಸಾಕ್ಷಿಯಲ್ಲ, ಹಣ ಸಂದಾಯವಾದ ಚೀಟಿ ಬೇಕು.

ಸುರಂಗದ ವಿಚಾರ ಬಿಡುವಂತಿಲ್ಲ. ಹಳೇ ಬಂಗಲೆ ಅಂದಮೇಲೆ ಶ್ರೀರಂಗಪಟ್ಟಣಕ್ಕೆ ಸುರಂಗ ಇದ್ದೇ ಇರಬೇಕು! ನಾವು ಕಂಡದ್ದು ಪಾಯದಲ್ಲಿ ಗಾಳಿಗೆ ಬಿಟ್ಟ ಕಿಂಡಿ, ಒಂಬತ್ತು ಅಂಗುಲ ಅಗಲ. ಬೆಕ್ಕು ನುಸುಳಬಹುದು.