ಹೊರದೇಶದಲ್ಲಿ ಓದುವಾಗ ಪಿಆರ್ ಏಜೆನ್ಸಿಗಳನ್ನು ನೋಡಿ ಬರುವುದು ಹೇಗೆ

ಗುಂಪಾಗಿ ಹೋಗಿ, ಒಂದು ಗಂಟೆ ಸ್ಲೈಡ್ ನೋಡಿ, ಬಾಗಿಲಲ್ಲಿರುವ ಲೋಗೊ ಮುಂದೆ ಫೋಟೊ ತೆಗೆಸಿಕೊಂಡು ವಾಪಸ್ ಬರುವುದು. ಹೊರದೇಶದಲ್ಲಿ ಪಿಆರ್ (ಪಬ್ಲಿಕ್ ರಿಲೇಷನ್ಸ್, ಅಂದರೆ ಸಾರ್ವಜನಿಕ ಸಂಪರ್ಕ) ಓದುವ ಹೆಚ್ಚಿನವರ ಏಜೆನ್ಸಿ ಭೇಟಿ ಹೀಗೇ ಮುಗಿಯುತ್ತದೆ. ನನ್ನ ಮೊದಲನೆಯದೂ ಹಾಗೇ ಮುಗಿಯಿತು. ಆ ಸ್ಲೈಡುಗಳಲ್ಲಿ ಇದ್ದದ್ದೆಲ್ಲ ಅವರ ವೆಬ್‌ಸೈಟಿನಲ್ಲೇ ಇತ್ತು. ಹೋಗುವುದೇ ಆದರೆ ವೆಬ್‌ಸೈಟಿನಲ್ಲಿ ಸಿಗದೇ ಇರುವುದನ್ನು ನೋಡಬೇಕು, ಅಂದರೆ ಅಲ್ಲಿ ಕೂತಿರುವ ಒಬ್ಬರು ಬೆಳಿಗ್ಗೆಯಿಂದ ಸಂಜೆವರೆಗೆ ನಿಜವಾಗಿ ಏನು ಮಾಡುತ್ತಾರೆ ಅನ್ನುವುದನ್ನು.

ಮೊದಲು ಭೇಟಿ ಸಿಗಬೇಕಲ್ವಾ? ಕಾಲೇಜಿನವರೇ ಕರೆದುಕೊಂಡು ಹೋದರೆ ಸರಿ. ಇಲ್ಲದಿದ್ದರೆ ನೀವೇ ಮೇಲ್ ಬರೆಯಿರಿ. ಏಜೆನ್ಸಿಯ ಮುಖ್ಯಸ್ಥರಿಗಲ್ಲ, ಎರಡು ಮೂರು ವರ್ಷ ಕೆಲಸ ಮಾಡಿದ ಅಕೌಂಟ್ ಎಕ್ಸಿಕ್ಯುಟಿವ್‌ಗೆ, ಅಂದರೆ ಕ್ಲೈಂಟ್‌ಗಳ ದಿನನಿತ್ಯದ ಕೆಲಸ ನೋಡಿಕೊಳ್ಳುವ ಕಿರಿಯ ಉದ್ಯೋಗಿಗೆ. ನಿಮ್ಮದೇ ಕಾಲೇಜಿನಲ್ಲಿ ಓದಿದವರಾದರೆ ಇನ್ನೂ ಒಳ್ಳೆಯದು. ಇಪ್ಪತ್ತು ನಿಮಿಷ ಕೇಳಿ, ಯಾಕೆ ಅವರನ್ನೇ ಕೇಳುತ್ತಿದ್ದೀರಿ ಅಂತ ಒಂದು ಸಾಲು ಬರೆಯಿರಿ, ಅಷ್ಟು ಸಾಕು. ಕೆಲಸ ಕೊಡಿ ಅಂತ ಆ ಮೇಲ್‌ನಲ್ಲಿ ಬರೆಯಬೇಡಿ. ಭೇಟಿ ಬೇರೆ, ಇಂಟರ್ನ್‌ಶಿಪ್ ಬೇರೆ. ಇಂಟರ್ನ್‌ಶಿಪ್ ವಿಷಯ ಬಂದ ತಕ್ಷಣ ವೀಸಾ ನಿಯಮ ಎದುರಿಗೆ ಬರುತ್ತದೆ. ಬ್ರಿಟನ್ನಿನಲ್ಲಿ ಡಿಗ್ರಿ ಓದುವವರಿಗೆ ಸಾಮಾನ್ಯವಾಗಿ ಟರ್ಮ್ ನಡೆಯುವಾಗ ವಾರಕ್ಕೆ 20 ಗಂಟೆಯ ಮಿತಿ ಇದೆ, ಅಮೆರಿಕದಲ್ಲಿ ಎಫ್-1 ಅನ್ನುವ ವಿದ್ಯಾರ್ಥಿ ವೀಸಾದವರು ಕ್ಯಾಂಪಸ್ ಹೊರಗೆ ಕೆಲಸ ಮಾಡಲು ಮೊದಲೇ ಅನುಮತಿ ಪಡೆಯಬೇಕು. ಯಾರಿಗಾದರೂ ಹ್ಞೂಂ ಅನ್ನುವ ಮೊದಲು ಕಾಲೇಜಿನ ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ವಿಚಾರಿಸಿ.

ಹೋಗುವ ಮೊದಲು ಒಂದು ಸಂಜೆ ಓದಿಕೊಳ್ಳಿ. ಮುಖ್ಯವಾಗಿ ಏಜೆನ್ಸಿಯ ಮಾಲೀಕರು ಯಾರು ಅಂತ ನೋಡಿ. 1952ರಲ್ಲಿ ಶಿಕಾಗೊದಲ್ಲಿ ಶುರುವಾದ ಎಡೆಲ್ಮನ್ ಇವತ್ತಿಗೂ ಆ ಕುಟುಂಬದ್ದೇ. ಕೆಚಮ್, ಫ್ಲೈಷ್‌ಮನ್‌ಹಿಲ್ಲಾರ್ಡ್ ಅಂಥವು ಹಲವು ಏಜೆನ್ಸಿಗಳ ಒಡೆತನದ ಓಮ್ನಿಕಾಮ್ ಗುಂಪಿನೊಳಗೆ ವರ್ಷಗಳಿಂದ ಬೆಳೆದವು. ದೊಡ್ಡ ಗುಂಪಿಗೆ ಸೇರಿದ್ದಕ್ಕೂ ಸ್ವಂತದ್ದಕ್ಕೂ ಒಳಗಿನ ಒತ್ತಡ ಬೇರೆ ಬೇರೆ, ಆದ್ದರಿಂದ ಪ್ರಶ್ನೆಗಳೂ ಬೇರೆ ಆಗಬೇಕು. ಪಠ್ಯಪುಸ್ತಕದ ಹೆಸರುಗಳನ್ನು ನಂಬಿಕೊಂಡು ಹೋಗಲೇಬೇಡಿ. 1927ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಹುಟ್ಟಿದ ಹಿಲ್ ಅಂಡ್ ನೋಲ್ಟನ್ ಹೆಸರು ಎಲ್ಲ ಪುಸ್ತಕದಲ್ಲೂ ಇರುತ್ತದೆ, ಆದರೆ 2024ರಲ್ಲಿ ಡಬ್ಲ್ಯುಪಿಪಿ ಗುಂಪು ಅದನ್ನು ತನ್ನದೇ ಇನ್ನೊಂದು ಏಜೆನ್ಸಿ ಬಿಸಿಡಬ್ಲ್ಯು ಜೊತೆ ಸೇರಿಸಿ ಬರ್ಸನ್ ಅಂತ ಮಾಡಿತು. ಆ ಬಿಸಿಡಬ್ಲ್ಯು ಕೂಡ 2018ರಲ್ಲಿ ಬರ್ಸನ್-ಮಾರ್ಸ್‌ಟೆಲ್ಲರ್ ಮತ್ತು ಕೋನ್ ಅಂಡ್ ವುಲ್ಫ್ ಸೇರಿ ಆದದ್ದು. ಇಂಥ ವಿಲೀನ ಆದಾಗ ಮೇಜಿನ ಮುಂದೆ ಕೂತವರ ಬದುಕಿನಲ್ಲಿ ಏನು ಬದಲಾಯಿತು ಅಂತ ಕೇಳಿ ನೋಡಿ. ಮಾತು ತಾನಾಗೇ ಬಿಚ್ಚಿಕೊಳ್ಳುತ್ತದೆ.

ಇನ್ನು ಒಳಗೆ ಹೋದ ಮೇಲೆ. ನನ್ನ ಮೂರನೇ ಭೇಟಿಯಲ್ಲಿ ಒಬ್ಬ ಕಿರಿಯ ಉದ್ಯೋಗಿ ಕ್ಲೈಂಟ್ ಹೆಸರುಗಳನ್ನು ಕೈಯಲ್ಲಿ ಮುಚ್ಚಿ ತನ್ನ ಟೈಮ್‌ಶೀಟ್ ತೋರಿಸಿದಳು. ದಿನವನ್ನು ಹದಿನೈದು ಹದಿನೈದು ನಿಮಿಷದ ಚೂರು ಮಾಡಿ ಬರೆದಿತ್ತು. ಮೀಡಿಯಾ ಲಿಸ್ಟ್, ಅಂದರೆ ಸುದ್ದಿ ಕಳಿಸಬೇಕಾದ ವರದಿಗಾರರ ಪಟ್ಟಿ, ಸರಿಮಾಡಿದ್ದು ಒಂದೂಮುಕ್ಕಾಲು ಗಂಟೆ. ವರದಿಗಾರರಿಗೆ ಮೇಲ್ ಮತ್ತು ಫೋನ್ ಎರಡೂವರೆ ಗಂಟೆ. ಕ್ಲೈಂಟ್ ಕಾಲ್ ಅರ್ಧ ಗಂಟೆ. ಆ ಅರ್ಧ ಗಂಟೆಯ ತಯಾರಿಗೆ ಒಂದು ಗಂಟೆ. ಕ್ಲಾಸಿನಲ್ಲಿ ಒಂದು ಸೆಮಿಸ್ಟರ್ ಪೂರ್ತಿ ಸ್ಟ್ರಾಟೆಜಿ ಸ್ಟ್ರಾಟೆಜಿ ಅಂತ ಕೇಳಿದ್ದ ನನಗೆ, ಏಜೆನ್ಸಿ ಮಾರುವುದು ಸಮಯವನ್ನು ಅನ್ನುವುದು ಆ ಒಂದು ಹಾಳೆ ನೋಡಿದಾಗ ಅರ್ಥವಾಯಿತು. ಕ್ಲೈಂಟ್ ತಿಂಗಳಿಗೆ ಇಂತಿಷ್ಟು ಅಂತ ರಿಟೇನರ್ ಕೊಡುತ್ತಾನೆ, ಏಜೆನ್ಸಿ ಅದನ್ನು ಗಂಟೆಗಳ ಲೆಕ್ಕಕ್ಕೆ ಇಳಿಸುತ್ತದೆ. ಗಂಟೆ ಮೀರಿದರೆ ಏಜೆನ್ಸಿಗೆ ನಷ್ಟ. ಹಾಗಾಗಿ ನಾನು ಈಗ ಎಲ್ಲರಿಗೂ ಹೇಳುವುದು ಇಷ್ಟೇ: ನಿನ್ನೆ ಏನೇನು ಮಾಡಿದಿರಿ ಅಂತ ಕೇಳಿ. ನಿಮ್ಮ ಕೆಲಸ ಏನು ಅಂದರೆ ಬಾಯಿಪಾಠದ ಉತ್ತರ ಬರುತ್ತದೆ. ನಿನ್ನೆ ಅಂದರೆ ನಿಜ ಬರುತ್ತದೆ.

ಅವಳೇ ಇನ್ನೊಂದು ತೋರಿಸಿದಳು. ಆಗಲೇ ಹೊರಗೆ ಹೋಗಿದ್ದ ಒಂದು ಪ್ರೆಸ್ ರಿಲೀಸಿನ ಹನ್ನೊಂದನೇ ಕರಡು. ಕೆಂಪು ಗೆರೆಗಳೇ ತುಂಬಿದ್ದವು. ಮೊದಲ ಸಾಲಿನಲ್ಲಿದ್ದ 'ಕ್ರಾಂತಿಕಾರಿ' ಅನ್ನುವ ಪದವನ್ನು ಕ್ಲೈಂಟಿನ ವಕೀಲರು ಹೊಡೆದುಹಾಕಿದ್ದರು, ಮಾರ್ಕೆಟಿಂಗ್‌ನವರು ಮತ್ತೆ ಸೇರಿಸಿದ್ದರು, ವಕೀಲರು ಮತ್ತೆ ಹೊಡೆದಿದ್ದರು. ಬರವಣಿಗೆ ಅಂದರೆ ಇಷ್ಟೊಂದು ಜನರನ್ನು ಒಪ್ಪಿಸುವ ಕೆಲಸ ಅಂತ ನನಗೆ ಯಾರೂ ಹೇಳಿರಲಿಲ್ಲ. ಹಳೆಯ, ಪ್ರಕಟವಾದ ಕೆಲಸದ ಕರಡು ತೋರಿಸಬಹುದಾ ಅಂತ ವಿನಯದಿಂದ ಕೇಳಿ. ಆಗಲ್ಲ ಅಂದರೆ ಅಲ್ಲಿಗೇ ಬಿಡಿ.

ಗೌಪ್ಯತೆ ವಿಷಯದಲ್ಲಿ ತುಂಬಾ ಹುಷಾರಾಗಿರಿ. ಬೋರ್ಡಿನ ಮೇಲೆ ಬರೆದದ್ದು, ಪಕ್ಕದ ಸ್ಕ್ರೀನಿನಲ್ಲಿ ಕಂಡದ್ದು ಎಂಬಾರ್ಗೊ ಇರುವ, ಅಂದರೆ ಹೇಳಿದ ಸಮಯದವರೆಗೆ ಹೊರಗೆ ಬಿಡಬಾರದ ಸುದ್ದಿ ಆಗಿರಬಹುದು. ಕೇಳದೆ ಫೋಟೊ ತೆಗೆಯಬೇಡಿ. ಎನ್‌ಡಿಎ (ಗುಟ್ಟು ಬಿಟ್ಟುಕೊಡುವುದಿಲ್ಲ ಅನ್ನುವ ಒಪ್ಪಂದ) ಕೊಟ್ಟರೆ ಓದಿ ಸಹಿ ಮಾಡಿ. ನಮ್ಮ ಬ್ಯಾಚಿನ ಒಬ್ಬ ಮೀಟಿಂಗ್ ರೂಮಿನ ಫೋಟೊ ಹಾಕಿದ್ದ, ಹಿಂದೆ ಗೋಡೆ ಮೇಲೆ ಕ್ಲೈಂಟಿನ ಬಿಡುಗಡೆ ದಿನಾಂಕ ಇತ್ತು. ಆ ಏಜೆನ್ಸಿ ನಮ್ಮ ಕಾಲೇಜಿನವರನ್ನು ಮತ್ತೆ ಕರೆಯಲಿಲ್ಲ. ನಮ್ಮ ನಂತರ ಬಂದವರಿಗೆ ಆ ಬಾಗಿಲು ಮುಚ್ಚಿಹೋದದ್ದು ನನಗೆ ಇವತ್ತಿಗೂ ಬೇಸರ.

ಎರಡು ಪ್ರಶ್ನೆಗಳನ್ನಂತೂ ಬಿಡಬೇಡಿ. ಒಂದು, ಕೆಲಸದ ಫಲ ಏನಾಯಿತು ಅಂತ ಕ್ಲೈಂಟಿಗೆ ಹೇಗೆ ತೋರಿಸುತ್ತೀರಿ? ಹಿಂದೆಲ್ಲ ಸುದ್ದಿ ಬಂದ ಜಾಗದಲ್ಲಿ ಜಾಹೀರಾತು ಹಾಕಿಸಿದ್ದರೆ ಎಷ್ಟು ದುಡ್ಡು ಆಗುತ್ತಿತ್ತು ಅಂತ ಲೆಕ್ಕ ಹಾಕಿ ಕೊಡುತ್ತಿದ್ದರು, ಅದಕ್ಕೆ ಎವಿಇ ಅನ್ನುತ್ತಾರೆ. ಪಿಆರ್ ಕೆಲಸದ ಫಲವನ್ನು ಅಳೆಯುವುದು ಹೇಗೆ ಅಂತ 2010ರಲ್ಲಿ ಬಂದ ಬಾರ್ಸಿಲೋನಾ ತತ್ವಗಳು ಅದು ಪಿಆರ್‌ನ ಬೆಲೆ ಅಲ್ಲ ಅಂತ ನೇರವಾಗಿ ಹೇಳಿದವು. ಇಷ್ಟಾದರೂ ಎವಿಇ ಕೇಳುವ ಕ್ಲೈಂಟ್ ಬಂದರೆ ಏನು ಹೇಳುತ್ತೀರಿ ಅಂತ ಕೇಳಿ, ಉತ್ತರದಲ್ಲಿ ಆ ಏಜೆನ್ಸಿಯ ಗಟ್ಟಿತನ ಕಾಣುತ್ತದೆ. ಎರಡು, ಯಾವುದಾದರೂ ಕ್ಲೈಂಟನ್ನು ಬೇಡ ಅಂದಿದ್ದೀರಾ? ಹೆಸರು ಕೇಳಬೇಡಿ, ಕಾರಣ ಕೇಳಿ. 2017ರಲ್ಲಿ ಲಂಡನ್ನಿನ ಪಿಆರ್ ಏಜೆನ್ಸಿ ಬೆಲ್ ಪಾಟಿಂಜರ್ ದಕ್ಷಿಣ ಆಫ್ರಿಕಾದಲ್ಲಿ ಮಾಡಿದ ಪ್ರಚಾರ ಜನಾಂಗಗಳ ನಡುವೆ ಒಡಕು ತರುವಂಥದ್ದು ಅಂತ ಬ್ರಿಟನ್ನಿನ ಉದ್ಯಮ ಸಂಘ ಪಿಆರ್‌ಸಿಎ ಅದನ್ನು ಹೊರಹಾಕಿತು. ಕೆಲವೇ ದಿನಗಳಲ್ಲಿ ಕಂಪನಿಯೇ ಕುಸಿಯಿತು. ಹಾಗಾಗಿ ಇದು ಪರೀಕ್ಷೆಗೆ ಓದುವ ನೀತಿಪಾಠ ಅಲ್ಲ. ಅಲ್ಲಿ ಕೂತು ಕೆಲಸ ಮಾಡುತ್ತಿದ್ದ ನಿಮ್ಮಂಥ ಹೊಸಬರ ಸಂಬಳವೂ ಹೋಯಿತು.

ಬಟ್ಟೆ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ, ಶುಭ್ರವಾಗಿದ್ದರೆ ಸಾಕು. ಹತ್ತು ನಿಮಿಷ ಮೊದಲೇ ತಲುಪಿ. ಇಂಗ್ಲಿಷ್ ಉಚ್ಚಾರದ ಹೆದರಿಕೆ ಇದ್ದರೆ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ, ನೋಡಿಕೊಂಡೇ ಕೇಳಿ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ, ನೋಟ್‌ಬುಕ್ ಹಿಡಿದು ಬಂದವರನ್ನು ಅವರು ಗೌರವದಿಂದಲೇ ನೋಡುತ್ತಾರೆ.

ರೂಮಿಗೆ ಬಂದ ಕೂಡಲೇ, ಊಟಕ್ಕೂ ಮೊದಲು, ಕೇಳಿದ್ದನ್ನೆಲ್ಲ ಬರೆದಿಡಿ. ಮರುದಿನ ಥ್ಯಾಂಕ್ಸ್ ಮೇಲ್ ಕಳಿಸಿ. 'ಭೇಟಿ ತುಂಬಾ ಉಪಯುಕ್ತವಾಗಿತ್ತು' ಅಂತ ಮಾತ್ರ ಬರೆದರೆ ಯಾರಿಗೂ ನೆನಪಿರುವುದಿಲ್ಲ. ನಾನು ಆ ಟೈಮ್‌ಶೀಟ್ ತೋರಿಸಿದವಳಿಗೆ, ನಿನ್ನೆ ರಾತ್ರಿಯಿಂದ ನನ್ನ ದಿನವನ್ನೂ ಹದಿನೈದು ನಿಮಿಷದ ಲೆಕ್ಕದಲ್ಲಿ ಬರೆಯಲು ಶುರು ಮಾಡಿದ್ದೇನೆ ಅಂತ ಬರೆದೆ. ಒಂದು ವಾರದ ಹಾಳೆ ಕಳಿಸು ನೋಡೋಣ ಅಂತ ಅವಳ ಉತ್ತರ ಬಂತು.